ಮೂರನೆಯವರು ಎಲ್ಲಿ?

"ಅಕ್ಕಾ, ಇದು ನಮ್ಮ ಮನೆ!"

ಬಟಾಣಿ ಕುರ್ಚಿಯ ಬೆನ್ನಿಗೆ ಜೋತುಬಿದ್ದು ಕಿವಿಯ ಹತ್ತಿರವೇ ಕೂಗಿದ.

"ಕಿರುಚಬೇಡ್ವೋ. ಕಿಟಕಿ, ಕಪಾಟು ಎಲ್ಲಾ ಮನೇಲೂ ಇರುತ್ತೆ," ಎಂದಳು ಚೂಟಿ. ಹಾಗೆ ಹೇಳಿದರೂ ಮೌಸ್ ಹಿಡಿದ ಅವಳ ಕೈ ಅಲುಗಾಡದೆ ನಿಂತುಬಿಟ್ಟಿತ್ತು.

ಕಂಪ್ಯೂಟರಿನ ಪರದೆಯ ಮೇಲೆ ಒಂದು ಕೋಣೆಯ ಫೋಟೋ ಇತ್ತು. ಗೋಡೆಯೊಳಗೆ ಕೂರಿಸಿದ ಕಪಾಟು. ಅದರ ಒಂದು ಬಾಗಿಲು ನೀಲಿ, ಇನ್ನೊಂದು ಬಾಗಿಲು ಬಿಳಿ. ಕಪಾಟಿನ ಪಕ್ಕ ತಗ್ಗಾದ ಮಂಚ, ಮಂಚದ ಮೇಲೆ ಹಸಿರು ಹೊದಿಕೆ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಚೂಟಿ ಮೆಲ್ಲಗೆ ತಲೆ ತಿರುಗಿಸಿ ಹಿಂದೆ ನೋಡಿದಳು. ಅಲ್ಲಿ ಗೋಡೆಯೊಳಗೆ ಕೂರಿಸಿದ ಕಪಾಟು ಇತ್ತು. ಒಂದು ಬಾಗಿಲು ನೀಲಿ, ಇನ್ನೊಂದು ಬಿಳಿ.

"ನಾನು ಹೇಳ್ಲಿಲ್ವಾ?" ಎಂದ ಬಟಾಣಿ.

ಅವರು ಈ ಬಾಡಿಗೆ ಮನೆಗೆ ಬಂದು ಇನ್ನೂ ಸ್ವಲ್ಪ ದಿನವಾಗಿತ್ತು ಅಷ್ಟೆ. ಅರ್ಧ ಸಾಮಾನು ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇತ್ತು. ಸೌಟು ಬೇಕಾದರೆ ಪುಸ್ತಕದ ಪೆಟ್ಟಿಗೆ ತೆರೆಯಬೇಕು, ಪುಸ್ತಕ ಬೇಕಾದರೆ ಚಪ್ಪಲಿಯ ಪೆಟ್ಟಿಗೆ ತೆರೆಯಬೇಕು, ಹಾಗಿತ್ತು ಅಪ್ಪ ಪ್ಯಾಕ್ ಮಾಡಿದ್ದ ಚಂದ. ಮಹಡಿಯ ಮೇಲಿನ ಈ ಚಿಕ್ಕ ಕೋಣೆ ಚೂಟಿಯದು. ಮೂಲೆಯಲ್ಲಿರುವ ಹಳೇ ಕಂಪ್ಯೂಟರ್ ಚಿಕ್ಕಪ್ಪ ತನ್ನ ರಿಪೇರಿ ಅಂಗಡಿಯಿಂದ ತಂದುಕೊಟ್ಟಿದ್ದು.

ಪೆನ್ ಡ್ರೈವ್ ಸಿಕ್ಕಿದ್ದು ಬಟಾಣಿಗೆ. ಅವನಿಗೆ ಐದು ವರ್ಷ. ಮಗುವಾಗಿದ್ದಾಗ ಒಂದು ಕಡೆ ಮಲಗಿಸಿದರೆ ಇನ್ನೊಂದು ಕಡೆ ಉರುಳಿಹೋಗಿರುತ್ತಿದ್ದ, ಅದಕ್ಕೇ ಬಟಾಣಿ. ಈಗಲೂ ಹಾಗೇ. ಎಲ್ಲರೂ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಅವನು ಕಪಾಟಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ಅದರ ಹಿಂದಿನ ಕತ್ತಲಿಗೆ ಕೈ ತೂರಿಸಿ, ಧೂಳು ಮೆತ್ತಿದ ಆ ಪೆನ್ ಡ್ರೈವನ್ನು ತೆಗೆದಿದ್ದ.

ಚೂಟಿ ಮುಂದಿನ ಫೋಟೋ ತೆರೆದಳು. ಅಡುಗೆಮನೆ. ಒಲೆಯ ಮೇಲೆ ಹಳದಿ ಕೆಟಲ್. ಯಾರೂ ಇಲ್ಲ. ಅದರ ಮುಂದಿನದು, ಕೆಳಗಿನ ಹಾಲ್. ಪಟ್ಟೆ ಪಟ್ಟೆಯ ಪರದೆ. ಯಾರೂ ಇಲ್ಲ. ಬಚ್ಚಲು, ಯಾರೂ ಇಲ್ಲ. ಹಿಂದಿನ ಬಾಗಿಲು, ಯಾರೂ ಇಲ್ಲ. ಒಂದರ ಹಿಂದೆ ಒಂದು ಫೋಟೋ, ಎಲ್ಲವೂ ಇದೇ ಮನೆಯದು. ದೀಪಗಳು ಉರಿಯುತ್ತಿದ್ದವು. ಒಂದರಲ್ಲಿ ಮೇಜಿನ ಮೇಲಿನ ಲೋಟದಿಂದ ಹಬೆ ಕೂಡ ಏಳುತ್ತಿತ್ತು. ಕುಡಿಯುವವರು ಮಾತ್ರ ಇರಲಿಲ್ಲ.

"ಜನರೇ ಇಲ್ಲದ ಫೋಟೋ ಯಾರಾದ್ರೂ ಇಷ್ಟೊಂದು ತೆಗೀತಾರಾ?" ಎಂದಳು ಚೂಟಿ.

"ದೆವ್ವ ತೆಗಿಯುತ್ತೆ," ಎಂದ ಬಟಾಣಿ, ತುಂಬಾ ಗೊತ್ತಿರುವವನ ಹಾಗೆ.

ಪ್ರತಿ ಫೋಟೋದ ಕೆಳಗೂ ಅದರ ಹೆಸರು ಇರಬೇಕಿತ್ತು. ಅಲ್ಲಿ ಅಕ್ಷರಗಳೇ ಇರಲಿಲ್ಲ. ಖಾಲಿ ಡಬ್ಬಿಗಳಿದ್ದವು. ಪುಟ್ಟ ಚೌಕಾಕಾರದ ಡಬ್ಬಿಗಳು, ಸಾಲಾಗಿ: □□□. ಯಾರೋ ಏನೋ ಹೇಳಲು ಬಾಯಿ ತೆರೆದು, ದನಿ ಬಾರದೆ ಹಾಗೇ ನಿಂತುಬಿಟ್ಟಂತೆ ಕಾಣುತ್ತಿತ್ತು.

ಚೂಟಿ ಕಂಪ್ಯೂಟರ್ ಆಫ್ ಮಾಡಿ, ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟಳು. ಬೆನ್ನ ಹಿಂದೆ ಜಾಗ ಖಾಲಿ ಇರುವುದು ಅವಳಿಗೆ ಇದ್ದಕ್ಕಿದ್ದಂತೆ ಬೇಡವೆನಿಸಿತು.

ಮರುದಿನ ಸ್ಕೂಲಿಂದ ಬರುವಾಗ ಓನರ್ ಆಂಟಿ ಕಾಂಪೌಂಡ್ ಹತ್ತಿರ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರದು ಪಕ್ಕದ ಮನೆ. ಚೂಟಿ ಬ್ಯಾಗ್ ಕೆಳಗಿಟ್ಟು ಕೇಳಿದಳು:

"ಆಂಟಿ, ನಮಗಿಂತ ಮುಂಚೆ ಈ ಮನೇಲಿ ಯಾರಿದ್ರು?"

"ಅವರಾ? ದೂರದೇಶದ ಜನ ಕಣಮ್ಮ. ಗಂಡ ಸೇತುವೆ ಕಟ್ಟೋ ಇಂಜಿನಿಯರು. ಸೇತುವೆ ಮುಗೀತು, ಹೊರಟುಹೋದ್ರು. ಅವರ ಮಾತು ನನಗೆ ಬರಲ್ಲ, ನನ್ನ ಮಾತು ಅವರಿಗೆ ಬರಲ್ಲ. ನಾನು ಉಪ್ಪು ಕೇಳಿದ್ರೆ ಛತ್ರಿ ತಂದುಕೊಡೋರು." ಆಂಟಿ ನಕ್ಕರು.

"ಮಕ್ಕಳಿದ್ರಾ?"

"ಇದ್ರು. ಎಷ್ಟು ಅಂತ ಮಾತ್ರ ಕೇಳಬೇಡ. ಒಂದಿನ ಇಬ್ಬರು ಅನ್ಸೋದು, ಒಂದಿನ ನಾಲ್ಕು ಅನ್ಸೋದು. ಒಂದು ಕಡೆ ನಿಂತ್ರೆ ತಾನೆ ಎಣಿಸೋದು?" ಆಂಟಿ ಪೈಪನ್ನು ಇನ್ನೊಂದು ಗಿಡದ ಕಡೆ ತಿರುಗಿಸಿದರು. ಅವರ ನಗು ಸ್ವಲ್ಪ ಕಡಿಮೆಯಾಯಿತು. "ಸಂಜೆ ಆದ್ರೆ ಸಾಕು, ಮೆಟ್ಟಿಲ ಮೇಲೆ ದಡದಡ ಓಡೋ ಸದ್ದು. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲಾ ಗಪ್‌ಚುಪ್. ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ. ಮನೇಲಿ ಜೀವ ಇದೆಯೋ ಇಲ್ವೋ ಅನ್ನೋ ಹಾಗೆ. ಗಲಾಟೆಗೆ ನನಗೆ ಭಯ ಇರ್ಲಿಲ್ಲ ಕಣೇ. ಆ ಸುಮ್ಮನಾಗೋದಕ್ಕೆ ಭಯ ಆಗ್ತಿತ್ತು."

ಅಂದು ಮಲಗುವಾಗ ಚೂಟಿ, "ಅಮ್ಮಾ, ಲೈಟ್ ಆರಿಸಬೇಡ," ಎಂದಳು.

"ಯಾಕೆ? ಹಳೇ ಮನೇಲಿ ಕತ್ತಲಾದ್ರೇನೇ ನಿದ್ದೆ ಬರೋದು ಅಂತಿದ್ದೆ?"

"ಅದು ನಮ್ಮ ಮನೆ. ಇದು ಬೇರೆಯವರದು," ಎಂದು ಚೂಟಿ ಗೋಡೆಯ ಕಡೆ ತಿರುಗಿ ಮಲಗಿದಳು. ನೀಲಿ ಬಾಗಿಲು, ಬಿಳಿ ಬಾಗಿಲು ಎರಡೂ ಸರಿಯಾಗಿ ಮುಚ್ಚಿವೆಯೇ ಎಂದು ಅದಕ್ಕೂ ಮುಂಚೆ ಒಂದು ಸಲ ನೋಡಿದ್ದಳು.

ಶನಿವಾರ ಮಧ್ಯಾಹ್ನ ಚಿಕ್ಕಪ್ಪ ಬಂದ. ಅವನು ಶೂ ಬಿಚ್ಚುವ ಮೊದಲೇ ಬಟಾಣಿ ವರದಿ ಒಪ್ಪಿಸಿದ: "ಚಿಕ್ಕಪ್ಪಾ, ಪೆನ್ ಡ್ರೈವ್ ಒಳಗೆ ದೆವ್ವ ಇದೆ."

"ಹೌದಾ? ಎಷ್ಟು ಜಿಬಿ ದೆವ್ವ?"

ಮೇಲೆ ಹೋಗಿ ಪರದೆ ನೋಡಿದ ಮೇಲೆ ಚಿಕ್ಕಪ್ಪ ಜೋರಾಗಿ ನಕ್ಕ. "ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಫಾಂಟ್ ಇಲ್ಲ, ಅಷ್ಟೆ. ಇದು ಹಳೇ ಕಂಪ್ಯೂಟರ್. ಪೂರ್ವ ಏಷ್ಯಾದ ಅಕ್ಷರ ತೋರಿಸೋದು ಇದಕ್ಕೆ ಬರಲ್ಲ, ನಾವು ಕಲಿಸಬೇಕು. ಹಿಂದೆ ನಮ್ಮ ಅಕ್ಷರಗಳೂ ಹೀಗೇ ಡಬ್ಬಿ ಡಬ್ಬಿಯಾಗಿ ಕಾಣ್ತಿದ್ವು, ಗೊತ್ತಾ?"

"ನಮ್ಮ ಅಕ್ಷರವೂ?"

"ಹ್ಞೂಂ. ನನ್ನ ಹೆಸರು ನಾನೇ ಟೈಪ್ ಮಾಡಿದ್ರೆ ನಾಲ್ಕು ಡಬ್ಬಿ ಬರ್ತಿತ್ತು. ನೋಡು, ಇಲ್ಲಿ ಯಾವ ಅಕ್ಷರ ಇರಬೇಕು ಅಂತ ಕಂಪ್ಯೂಟರಿಗೆ ಗೊತ್ತು. ಅದರ ಆಕಾರ ಹೇಗಿರುತ್ತೆ ಅಂತ ಗೊತ್ತಿಲ್ಲ. ಅದಕ್ಕೆ, 'ಇಲ್ಲಿ ಏನೋ ಇದೆ' ಅಂತ ಜಾಗ ಹಿಡಿದು ಒಂದು ಡಬ್ಬಿ ಇಡುತ್ತೆ."

"ಅಂದ್ರೆ ಡಬ್ಬಿ ಖಾಲಿ ಅಲ್ವಾ?"

"ಖಾಲಿ ಅಲ್ವೇ ಅಲ್ಲ. ನಿನಗೆ ಕಾಣ್ತಿಲ್ಲ, ಅಷ್ಟೆ."

ಚಿಕ್ಕಪ್ಪ ಇದನ್ನು ಸಮಾಧಾನಕ್ಕೆಂದು ಹೇಳಿದ್ದ. ಆದರೆ ಚೂಟಿಯ ತೋಳಿನ ಮೇಲೆ ಸಣ್ಣಗೆ ರೋಮ ಎದ್ದಿತು.

ಚಿಕ್ಕಪ್ಪ ಕಂಟ್ರೋಲ್ ಪ್ಯಾನೆಲ್ ತೆರೆದ. ಭಾಷೆಗಳು ಎಂಬ ಕಡೆ ಒತ್ತಿದ. ಅಲ್ಲಿ ಪೂರ್ವ ಏಷ್ಯಾದ ಭಾಷೆಗಳ ಸಾಲಿನ ಮುಂದೆ ಒಂದು ಖಾಲಿ ಚೌಕವಿತ್ತು. "ಇಲ್ಲಿ ಟಿಕ್ ಹಾಕು," ಎಂದು ಮೌಸನ್ನು ಚೂಟಿಗೆ ಕೊಟ್ಟ. ಅವಳು ಟಿಕ್ ಹಾಕಿದಳು. ಕಂಪ್ಯೂಟರ್ ಸಿಡಿ ಕೇಳಿತು. ಚಿಕ್ಕಪ್ಪ ಬ್ಯಾಗಿನಿಂದ ಗೀರು ಬಿದ್ದ ಒಂದು ಸಿಡಿ ತೆಗೆದು ಹಾಕಿದ. ಒಳಗೆ ಅದು ಗಿರ್ರೆಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳಿತು. ಕೊನೆಗೆ ಪರದೆ ಪೂರ್ತಿ ಕಪ್ಪಾಗಿ, ಕಂಪ್ಯೂಟರ್ ಮತ್ತೆ ಹೊಸದಾಗಿ ಶುರುವಾಯಿತು.

ಡಬ್ಬಿಗಳು ಹೋಗಿದ್ದವು. ಅವುಗಳ ಜಾಗದಲ್ಲಿ ಅಕ್ಷರಗಳಿದ್ದವು. ಒಂದು ಮರದ ಹಾಗಿತ್ತು, ಒಂದು ಎರಡು ಕದದ ಬಾಗಿಲಿನ ಹಾಗಿತ್ತು, ಒಂದಕ್ಕೆ ಕಾಲುಗಳಿದ್ದವು. ಚೂಟಿಗೆ ಒಂದೂ ಓದಲು ಬರಲಿಲ್ಲ. ಕಣ್ಣು ಕಿರಿದು ಮಾಡಿ ಹೆಸರುಗಳ ಕೊನೆಗೆ ನೋಡಿದಳು. ಅವಳು ನೋಡಿದ ಹೆಸರುಗಳ ಕೊನೆಯ ಅಕ್ಷರ ಇವುಗಳಲ್ಲಿ ಒಂದಾಗಿತ್ತು:

一

二

三

"ಚಿಕ್ಕಪ್ಪಾ, ಇದು ನನಗೆ ಓದೋಕೆ ಬರುತ್ತೆ! ಒಂದು, ಎರಡು, ಮೂರು!"

"ಭೇಷ್! ಅದು ನನಗೂ ಬರುತ್ತೆ. ಫೋಟೋಗಳಿಗೆ ನಂಬರ್ ಹಾಕಿದ್ದಾರೆ." ಅಷ್ಟರಲ್ಲಿ ಚಿಕ್ಕಪ್ಪನ ಫೋನ್ ಬಡಿದುಕೊಂಡಿತು. ಯಾರದೋ ಪ್ರಿಂಟರ್ ಪೇಪರ್ ನುಂಗಿತ್ತು. "ನಾನು ಹೊರಟೆ. ಕೆಳಗೆ ಬಾಗಿಲು ಹಾಕ್ಕೋ. ಅಮ್ಮ ಬರೋವರೆಗೂ ಯಾರು ಬಂದ್ರೂ ತೆಗೀಬೇಡ."

ಅಮ್ಮ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ, ಅಪ್ಪ ಬಸ್ ಡಿಪೋದಲ್ಲಿ. ಶನಿವಾರ ಇಬ್ಬರಿಗೂ ಸಂಜೆಯವರೆಗೆ ಕೆಲಸ. ಚೂಟಿ ಬಾಗಿಲಿನ ಚಿಲಕ ಹಾಕಿ ಮೇಲೆ ಬಂದು ಮತ್ತೆ ಕಂಪ್ಯೂಟರ್ ಮುಂದೆ ಕೂತಳು.

ನಂಬರ್ ಅಂದರೆ ಒಂದಾದ ಮೇಲೆ ಎರಡು ಬರಬೇಕು. ಇಲ್ಲಿ ಒಂದು ಗೆರೆಯ ಫೋಟೋಗಳೇ ಏಳೆಂಟು ಇದ್ದವು. ಎರಡು ಗೆರೆಯವೂ ಬಹಳ. ಒಂದೇ ನಂಬರನ್ನು ಅಷ್ಟೊಂದು ಫೋಟೋಗಳಿಗೆ ಯಾರು ಹಾಕುತ್ತಾರೆ?

"ಇದು ಫೋಟೋದ ನಂಬರ್ ಅಲ್ಲ," ಎಂದಳು ಚೂಟಿ.

"ಮತ್ತೇನು?"

"ಇನ್ನೇನನ್ನೋ ಎಣಿಸಿದ್ದಾರೆ."

ಅವಳು ಒಂದು ಗೆರೆಯ ಫೋಟೋ ತೆರೆದಳು. ಕೆಳಗಿನ ಹಾಲ್. ಸೋಫಾ ಒಂದಲ್ಲ, ಎರಡು. ದೀಪ ಮೂರು. ಕಿಟಕಿ ಒಂದು, ಆದರೆ ಪರದೆ ಎರಡು. ಪರದೆ ನೆಲದವರೆಗೆ ಇಳಿಬಿದ್ದಿತ್ತು. ಪರದೆಯ ಅಂಚಿನ ಕೆಳಗೆ, ನೆಲದ ಮೇಲೆ, ಬಿಳಿಯ ಬಟಾಣಿಕಾಳುಗಳ ಹಾಗೆ ಸಾಲಾಗಿ ಏನೋ ಇತ್ತು.

ಚೂಟಿ ಫೋಟೋವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು.

ಕಾಲ್ಬೆರಳುಗಳು.

ಇಷ್ಟು ದಿನ ಖಾಲಿ ಎಂದುಕೊಂಡಿದ್ದ ಕೋಣೆ ಖಾಲಿ ಇರಲಿಲ್ಲ. ಅಲ್ಲಿ ಒಬ್ಬರು ಉಸಿರು ಬಿಗಿಹಿಡಿದು ನಿಂತಿದ್ದರು.

ಬಟಾಣಿ ಮಾತ್ರ ಕುಣಿದಾಡಿಬಿಟ್ಟ. "ಕಣ್ಣಾಮುಚ್ಚಾಲೆ! ಅಕ್ಕಾ, ಅವರು ಕಣ್ಣಾಮುಚ್ಚಾಲೆ ಆಡ್ತಿದ್ದಾರೆ! ಇನ್ನೊಂದು ತೆಗಿ, ಇನ್ನೊಂದು ತೆಗಿ!"

ಇಬ್ಬರೂ ಸೇರಿ ಹುಡುಕಿದರು. ಅಡುಗೆಮನೆಯ ಫೋಟೋಗೆ ಎರಡು ಗೆರೆ. ಮೇಜಿನ ಬಟ್ಟೆ ಒಂದು ಕಡೆ ಮೊಣಕಾಲಿನ ಆಕಾರಕ್ಕೆ ಉಬ್ಬಿತ್ತು, ಅದು ಒಬ್ಬರು. ಇನ್ನೊಬ್ಬರು ಬಾಗಿಲ ಹಿಂದೆ ಇದ್ದರು, ಹಳದಿ ಕೆಟಲಿನ ಹೊಳೆಯುವ ಹೊಟ್ಟೆಯಲ್ಲಿ ಅವರ ಪುಟಾಣಿ ಬಿಂಬ ಸೊಟ್ಟಸೊಟ್ಟವಾಗಿ ಕಾಣುತ್ತಿತ್ತು. ಚೂಟಿಯ ಕೋಣೆಯ ಫೋಟೋಗೆ ಒಂದು ಗೆರೆ. ನೀಲಿ ಬಾಗಿಲಿನ ಸಂದಿಯಲ್ಲಿ ಗೌನಿನ ಅಂಚು ಸಿಕ್ಕಿಕೊಂಡಿತ್ತು.

ಒಬ್ಬೊಬ್ಬರು ಸಿಕ್ಕಾಗಲೂ ಚೂಟಿಗೆ ಬೆಚ್ಚಿಬೀಳುವಂತಾಗುತ್ತಿತ್ತು, ಆಮೇಲೆ ನಗು ಬರುತ್ತಿತ್ತು. ಎರಡೂ ಒಟ್ಟಿಗೇ ಬರುವುದು ಅವಳಿಗೆ ಇದೇ ಮೊದಲು.

ಮೂರು ಗೆರೆಯದು ಒಂದೇ ಫೋಟೋ ಇತ್ತು. ಕೆಳಗಿನ ಕಾರಿಡಾರ್, ಪಕ್ಕದಲ್ಲಿ ಮೆಟ್ಟಿಲು. ಮೆಟ್ಟಿಲ ತುದಿಯ ಕಂಬಿಗಳ ನಡುವೆ ಕನ್ನಡಕದ ಎರಡು ಗಾಜು ಹೊಳೆಯುತ್ತಿದ್ದವು, ಮೇಲೆ ನೆರೆಗೂದಲು.

"ಅಜ್ಜಿ! ಅಜ್ಜೀನೂ ಬಚ್ಚಿಟ್ಕೊಂಡಿದ್ದಾರೆ!" ಬಟಾಣಿಗೆ ನಗು ತಡೆಯಲಾಗಲಿಲ್ಲ.

ಗೋಡೆಯ ಗೂಟಕ್ಕೆ ತೂಗುಹಾಕಿದ ಕೋಟಿನ ಕೆಳಗೆ ಎರಡು ಶೂ ಇದ್ದವು, ಶೂಗಳ ಒಳಗೆ ಕಾಲುಗಳೂ ಇದ್ದವು. ಅದು ಎರಡನೆಯವರು.

ಮೂರನೆಯವರು ಸಿಗಲಿಲ್ಲ. ಎಷ್ಟು ದೊಡ್ಡದು ಮಾಡಿ ನೋಡಿದರೂ ಇಲ್ಲ. ಗೋಡೆ, ನೆಲ, ಮೆಟ್ಟಿಲು, ಅಷ್ಟೆ.

"ನಾನು ಕೆಳಗೆ ಹೋಗಿ ನೋಡ್ತೀನಿ," ಎಂದ ಬಟಾಣಿ.

"ಕೆಳಗೆ ಏನಿರುತ್ತೋ? ಫೋಟೋ ತೆಗೆದು ಎಷ್ಟು ಕಾಲ ಆಯ್ತೋ ಏನೋ."

"ಜಾಗ ಇರುತ್ತಲ್ಲ!" ಅವನು ದಡದಡನೆ ಮೆಟ್ಟಿಲಿಳಿದು ಓಡಿದ.

ಚೂಟಿ ಬೇರೆ ಫೋಟೋಗಳನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತು ಕೆಳಗಿನಿಂದ ಪೆಟ್ಟಿಗೆ ಎಳೆದಾಡುವ ಸದ್ದು, ಗೋಡೆ ತಟ್ಟುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲ ಸುಮ್ಮನಾಯಿತು.

ಆ ಸುಮ್ಮನಾಗಿದ್ದು ಅವಳ ಗಮನಕ್ಕೆ ಬಂದದ್ದು ಸ್ವಲ್ಪ ತಡವಾಗಿ.

"ಬಟಾಣಿ?"

ಚೂಟಿ ಮೆಟ್ಟಿಲ ತುದಿಗೆ ಬಂದು ಬಗ್ಗಿ ನೋಡಿದಳು.

"ಲೋ, ಬಟಾಣಿ! ಮೇಲೆ ಬಾ."

ಚೂಟಿ ಕೆಳಗಿಳಿದಳು. ಕಾರಿಡಾರಿನಲ್ಲಿ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳು ಮೆಟ್ಟಿಲ ಕೆಳಗಿನ ಗೋಡೆಯ ಮುಂದೆ ಸಾಲಾಗಿ ನಿಂತಿದ್ದವು. ಹಾಲ್‌ನಲ್ಲಿ ಅವನಿರಲಿಲ್ಲ. ಸೋಫಾದ ಹಿಂದೆ ಇಲ್ಲ, ಪರದೆಯ ಹಿಂದೆ ಇಲ್ಲ. ಅಡುಗೆಮನೆಯ ಮೇಜಿನ ಕೆಳಗೆ ಇಲ್ಲ, ಬಾಗಿಲ ಹಿಂದೆ ಇಲ್ಲ. ಮತ್ತೆ ಮಹಡಿ ಹತ್ತಿ ತನ್ನ ಕಪಾಟಿನ ನೀಲಿ ಬಾಗಿಲು ತೆಗೆದಳು. ಬಟ್ಟೆಗಳು ಮಾತ್ರ ತೂಗುತ್ತಿದ್ದವು.

"ಸಾಕು, ನಾನು ಸೋತೆ! ಹೊರಗೆ ಬಾ!"

ಮನೆ ಗಪ್‌ಚುಪ್. ಒಂದು ಕೆಮ್ಮಿಲ್ಲ, ಒಂದು ಮಾತಿಲ್ಲ.

ಚೂಟಿ ಮುಂಬಾಗಿಲಿಗೆ ಓಡಿದಳು. ಅವಳು ಹಾಕಿದ್ದ ಚಿಲಕ ಹಾಗೇ ಇತ್ತು. ಹಿಂಬಾಗಿಲಿನದೂ ಹಾಗೇ ಇತ್ತು. ಹಾಗಾದರೆ ಅವನು ಹೊರಗೆ ಹೋಗಿಲ್ಲ. ಒಳಗೇ ಇದ್ದಾನೆ. ಒಳಗೇ ಇದ್ದು, ಎಲ್ಲೂ ಇಲ್ಲ.

ಅಮ್ಮನಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಕೌಂಟರಿನಲ್ಲಿ ರಶ್ ಇದ್ದರೆ ಅಮ್ಮ ಫೋನ್ ಎತ್ತುವುದಿಲ್ಲ. ಕಿಟಕಿಯಿಂದ ಓನರ್ ಆಂಟಿಯ ಮನೆ ನೋಡಿದಳು. ಬೀಗ ಹಾಕಿತ್ತು. ಹೊರಗೆ ಬೆಳಕು ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ಆಗ ಕೇಳಿಸಿತು.

"ಅಕ್ಕಾ…"

ತುಂಬಾ ಸಣ್ಣ ದನಿ. ಬಟಾಣಿಯ ದನಿಯೇ, ಆದರೆ ಯಾರೋ ಬಟ್ಟೆ ಸುತ್ತಿ ದೂರ ಇಟ್ಟ ಹಾಗೆ. ಮೇಲಿನಿಂದ ಬಂತೇ? ಕೆಳಗಿನಿಂದ ಬಂತೇ? ಚೂಟಿ ಕಾರಿಡಾರಿನ ನಡುವೆ ನಿಂತು ಒಂದೊಂದೇ ಕಡೆ ತಿರುಗಿದಳು.

"ಅಕ್ಕಾ…"

ಈ ಸಲ ಗೋಡೆಯಿಂದ ಬಂದ ಹಾಗಿತ್ತು. ಆಮೇಲೆ ಪರಚುವ ಸದ್ದು. ಉಗುರಿನದು.

ಚೂಟಿಯ ಕಾಲುಗಳು ಹೊರಗೆ ಓಡೋಣ ಅಂದವು. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು. "ಅಕ್ಕ ಇಲ್ಲೇ ಇದ್ದೀನಿ ಕಣೋ!" ಎಂದು ಅವಳ ಬಾಯಿ ಕೂಗಿಬಿಟ್ಟಿತು. ಕೂಗಿದ ಮೇಲೆ ಓಡುವ ಹಾಗಿರಲಿಲ್ಲ.

"ಎಲ್ಲಿದ್ದೀಯಾ?"

"ಗೊತ್ತಿಲ್ಲ… ಕತ್ತಲು…"

ಮೂರನೆಯವರು. ಅವನು ಮೂರನೆಯವರನ್ನು ಹುಡುಕಲು ಹೋಗಿದ್ದ.

ಚೂಟಿ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದಳು. ಮೂರು ಗೆರೆಯ ಫೋಟೋ ತೆರೆದು, ಈ ಸಲ ಕೋಟನ್ನು ನೋಡಲಿಲ್ಲ, ಕನ್ನಡಕವನ್ನು ನೋಡಲಿಲ್ಲ. ಉಳಿದದ್ದನ್ನು ನೋಡಿದಳು. ಈಗ ರಟ್ಟಿನ ಪೆಟ್ಟಿಗೆಗಳಿರುವ ಜಾಗದಲ್ಲಿ, ಮೆಟ್ಟಿಲ ಕೆಳಗಿನ ಗೋಡೆಯ ಮೇಲೆ, ನೇರವಾಗಿ ಒಂದು ಕಪ್ಪು ಗೆರೆ ಇತ್ತು. ಮೊದಲು ಅದನ್ನು ಗೋಡೆ ಬಿರುಕು ಬಿಟ್ಟಿದೆ ಎಂದುಕೊಂಡಿದ್ದಳು. ಬಿರುಕು ಅಷ್ಟು ನೇರವಾಗಿ ಇರುವುದಿಲ್ಲ. ದೊಡ್ಡದು ಮಾಡಿದಳು. ಗೆರೆ ಅಗಲವಾಯಿತು, ಸಂದಿಯಾಯಿತು.

ಸಂದಿಯೊಳಗಿನಿಂದ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು.

ಚೂಟಿ ಕಿರುಚಲಿಲ್ಲ. ಕಿರುಚಲು ಪುರುಸೊತ್ತಿರಲಿಲ್ಲ. ಸಂದಿಯ ಪಕ್ಕದಲ್ಲೇ ಗೋಡೆಯ ಬಣ್ಣ ಒಂದು ಕಡೆ ಕಪ್ಪಗೆ ಮಾಸಿತ್ತು. ಕೈಗಳು ಮತ್ತೆ ಮತ್ತೆ ಒತ್ತಿದ ಹಾಗೆ. ಅದನ್ನು ಕಣ್ಣಲ್ಲಿ ತುಂಬಿಕೊಂಡು ಕೆಳಗಿಳಿದಳು.

ಪೆಟ್ಟಿಗೆಗಳ ಹಿಂದೆ ಒಂದು ಬಟಾಣಿ ನುಸುಳುವಷ್ಟೇ ಜಾಗವಿತ್ತು. ಅವಳು ಪೆಟ್ಟಿಗೆಗಳನ್ನು ಎಳೆದು ಹಾಕಿದಳು. ಒಂದು ಒಡೆದು ಸೌಟುಗಳೆಲ್ಲ ಖಣಖಣ ಎಂದು ಚೆಲ್ಲಿದವು. ಹಿಂದಿನ ಗೋಡೆ ಎಲ್ಲ ಗೋಡೆಗಳ ಹಾಗೇ ಇತ್ತು, ಅದೇ ಬಣ್ಣ. ಕೈಯಿಂದ ತಟ್ಟಿದಾಗ ಮಾತ್ರ ಅದು ಮರ ಎಂದು ತಿಳಿಯಿತು. ಹಿಡಿಯಿಲ್ಲ, ಚಿಲಕವಿಲ್ಲ. ಉಗುರು ತೂರಿಸಿ ಎಳೆದಳು, ಬರಲಿಲ್ಲ. ಭುಜಕೊಟ್ಟು ತಳ್ಳಿದಳು, ಅಲುಗಲಿಲ್ಲ. ಒಳಗೆ ಬಟಾಣಿ ಅಳುತ್ತಿದ್ದ.

ಮಾಸಿದ ಜಾಗ ಎಲ್ಲಿತ್ತು? ಅವಳು ನೆನಪಿಸಿಕೊಂಡಳು. ಅಂಚಿನ ಹತ್ತಿರ, ಅವಳ ಎದೆಯ ಎತ್ತರಕ್ಕೆ. ಅಲ್ಲಿ ಬಣ್ಣದಡಿಯಲ್ಲಿ ಮರ ನಯವಾಗಿ ಸವೆದಿತ್ತು. ಅಂಗೈಯಿಟ್ಟು ಒತ್ತಿದಳು.

ಟಕ್.

ಬಾಗಿಲು ತಾನಾಗಿಯೇ ಮುಂದೆ ಬಂತು. ಮೂಗು ಸುರಿಸಿಕೊಂಡು, ತಲೆ ತುಂಬ ಜೇಡರಬಲೆ ಹೊತ್ತುಕೊಂಡು ಬಟಾಣಿ ಹೊರಗೆ ಬಿದ್ದ. ಬಿದ್ದವನೇ ಅಕ್ಕನ ಸೊಂಟ ತಬ್ಬಿ ಹಿಡಿದ.

"ಯಾಕೆ ಇಷ್ಟು ಲೇಟು? ಸೋತೆ ಸೋತೆ ಅಂತ ನಾನು ಒಳಗಿಂದ ಎಷ್ಟು ಸಲ ಹೇಳ್ದೆ!"

ಚೂಟಿ ಅವನ ತಲೆಯ ಬಲೆ ತೆಗೆಯಲು ಹೋದಳು. ಅವಳ ಅವಸರಕ್ಕೆ ಬಲೆ ಇನ್ನಷ್ಟು ಅಂಟಿಕೊಂಡಿತು.

"ಒಳಗೆ ಒಂದು ದಿಂಬು ಇದೆ ಅಕ್ಕಾ," ಎಂದ ಬಟಾಣಿ, ಬಿಕ್ಕುತ್ತಲೇ. "ಕೂತ್ಕೊಳ್ಳೋಕೆ ಇಟ್ಟಿದ್ದಾರೆ."

ಚೂಟಿ ಬಗ್ಗಿ ನೋಡಿದಳು. ಮೆಟ್ಟಿಲುಗಳ ಅಡಿಯ ಕತ್ತಲಲ್ಲಿ ನಿಜಕ್ಕೂ ಒಂದು ಪುಟ್ಟ ದಿಂಬಿತ್ತು. ನಡುವೆ ಯಾರೋ ಈಗಷ್ಟೇ ಎದ್ದುಹೋದ ಹಾಗೆ ಕುಳಿ ಬಿದ್ದಿತ್ತು. ಅದು ಬಟಾಣಿ ಕೂತಿದ್ದಕ್ಕೋ, ಮೊದಲಿನವರದೋ, ಗೊತ್ತಾಗಲಿಲ್ಲ. ಅವಳು ಬಾಗಿಲನ್ನು ಮುಚ್ಚದೆ, ಅದಕ್ಕೆ ಪುಸ್ತಕದ ಪೆಟ್ಟಿಗೆ ಅಡ್ಡ ಇಟ್ಟಳು.

ಅಮ್ಮ ಬಂದಳು. ಕತೆ ಪೂರ್ತಿ ಕೇಳಿದಳು. ಮೊದಲು ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡಳು, ಆಮೇಲೆ ಇಬ್ಬರಿಗೂ ಬೇರೆಬೇರೆಯಾಗಿ ಬೈದಳು, ಆಮೇಲೆ ಅಪ್ಪನಿಗೆ ಫೋನ್ ಮಾಡಿ ಅವನಿಗೂ ಬೈದಳು.

ಭಾನುವಾರ ಚಿಕ್ಕಪ್ಪ ಬಂದು ಆ ಬಾಗಿಲಿನ ಸ್ಪ್ರಿಂಗ್ ಬಿಚ್ಚಿ ತೆಗೆದ. ಹೊರಗೊಂದು, ಒಳಗೊಂದು ಹಿಡಿ ಕೂರಿಸಿದ. "ಟಿಕ್ ಹಾಕಿಸಿ ನಾನು ಓಡಿಹೋಗಬಾರದಿತ್ತು," ಎಂದು ಚೂಟಿಯ ಜಡೆ ಎಳೆದ. ಓನರ್ ಆಂಟಿಗೆ ಆ ಬಾಗಿಲು ಇರುವುದೇ ಗೊತ್ತಿರಲಿಲ್ಲ. ಮನೆ ಕಟ್ಟಿಸಿದ್ದು ಅವರ ಮಾವ ಅಂತೆ. ಹಳೇ ಬಾಡಿಗೆಯವರ ಇಮೇಲ್ ಇದೆ, ಹುಡುಕಿ ಕೊಡುತ್ತೇನೆ ಎಂದರು. ಪೆನ್ ಡ್ರೈವನ್ನು ಅವರಿಗೆ ಕಳಿಸಿಕೊಡೋಣ ಎಂದ ಅಪ್ಪ.

"ಕಳಿಸೋಕೆ ಮುಂಚೆ ಎಲ್ಲಾ ನೋಡಿಬಿಡೋಣ!" ಎಂದ ಬಟಾಣಿ. ಅವನ ಹೆದರಿಕೆ ಒಂದೇ ರಾತ್ರಿಗೆ ಹಾರಿಹೋಗಿತ್ತು. ಸಂಜೆ ಎಲ್ಲರೂ ಆ ಚಿಕ್ಕ ಕೋಣೆಯಲ್ಲಿ ತುಂಬಿಕೊಂಡರು. ಅಪ್ಪನಿಗೆ ಒಬ್ಬರೂ ಸಿಗಲಿಲ್ಲ. ಅಮ್ಮನಿಗೆ ಬಚ್ಚಲಿನ ಬಕೆಟ್ ಹಿಂದೆ ಒಬ್ಬರು ಸಿಕ್ಕಿ, ಅವಳು ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು.

ಎಲ್ಲ ಮುಗಿದು ಕೊನೆಯ ಫೋಟೋ ಬಂತು. ಕೆಳಗಿನ ಹಾಲ್. ಸೋಫಾ ಇಲ್ಲ. ದೀಪಗಳಿಲ್ಲ. ಕಿಟಕಿಗೆ ಪರದೆಯೂ ಇಲ್ಲ. ಚಿತ್ರಗಳನ್ನು ತೆಗೆದ ಕಡೆ ಗೋಡೆಯ ಮೇಲೆ ಬಿಳಿಯ ಚೌಕಗಳು ಉಳಿದಿದ್ದವು.

"ಇದನ್ನ ನಾನು ಹುಡುಕ್ತೀನಿ!" ಬಟಾಣಿ ಮೂಗನ್ನು ಕಂಪ್ಯೂಟರಿನ ಪರದೆಗೇ ಅಂಟಿಸಿದ. ಹುಡುಕಿದ. ಹುಡುಕಿದ. "ಇದರಲ್ಲಿ ಎಷ್ಟು ಜನ ಅಕ್ಕಾ?"

ಚೂಟಿ ಕೆಳಗೆ ಹೆಸರು ನೋಡಿದಳು. ಕೊನೆಯಲ್ಲಿ ಗೆರೆ ಇರಲಿಲ್ಲ.

〇

"ಸೊನ್ನೆ," ಎಂದಳು.

"ಹೊರಡೋ ದಿನ ತೆಗೆದಿರಬೇಕು," ಎಂದಳು ಅಮ್ಮ. ಆಮೇಲೆ ಊಟಕ್ಕೆ ಹೊತ್ತಾಯಿತೆಂದು ಒಬ್ಬೊಬ್ಬರಾಗಿ ಎದ್ದು ಅಡುಗೆಮನೆಗೆ ಹೋದರು. ಚೂಟಿ ಆ ಫೋಟೋವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಕೆಳಗಿಳಿದು, ಒಬ್ಬಳೇ ಹಾಲ್‌ಗೆ ಬಂದಳು. ದೀಪ ಹಾಕಲಿಲ್ಲ, ಹೊರಗಿನ ಬೀದಿದೀಪದ ಬೆಳಕೇ ಸಾಕಾಗಿತ್ತು.

ಫೋಟೋದಲ್ಲಿ ಕಿಟಕಿಯ ಕೆಳಗಿನ ಚೌಕಟ್ಟು ಹೊರಗಿನ ಕಾಂಪೌಂಡ್ ಗೋಡೆಯ ತುದಿಗೆ ಸರಿಯಾಗಿ ಕೂಡುತ್ತಿತ್ತು. ಅವಳು ಕಿಟಕಿಯನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದೆ ಬಂದಳು. ಬಾಗಿಲ ಪಕ್ಕಕ್ಕೆ ಬಂದಾಗ ಎರಡೂ ಗೆರೆಗಳು ಒಂದಾದವು. ಅವಳು ಬಗ್ಗಬೇಕಾಗಲಿಲ್ಲ, ಹಿಮ್ಮಡಿ ಎತ್ತಬೇಕಾಗಲಿಲ್ಲ. ಅವಳ ಕಣ್ಣು ಇರುವ ಎತ್ತರಕ್ಕೇ ಎಲ್ಲ ಸರಿಹೋಯಿತು.

ಫೋಟೋದಲ್ಲಿ ಯಾರೂ ಇರಲಿಲ್ಲ, ನಿಜ. ಆದರೆ ಕೋಣೆಯಲ್ಲಿ ಒಬ್ಬರಿದ್ದರು. ಅವಳಷ್ಟೇ ಎತ್ತರದ ಯಾರೋ ಕ್ಯಾಮೆರಾ ಹಿಡಿದು ಇಲ್ಲಿ ನಿಂತಿದ್ದರು. ಪರದೆಯ ಹಿಂದೆ, ಕೋಟಿನ ಹಿಂದೆ, ಮೆಟ್ಟಿಲ ಕೆಳಗೆ ಬಚ್ಚಿಟ್ಟುಕೊಂಡವರನ್ನೆಲ್ಲ ಎಣಿಸಿದವರು ತಮ್ಮನ್ನು ಯಾವತ್ತೂ ಎಣಿಸಿಕೊಂಡಿರಲಿಲ್ಲ. ಕೊನೆಯ ಸಲವೂ ಎಣಿಸಿಕೊಳ್ಳಲಿಲ್ಲ. ಎಲ್ಲರೂ ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದಿರಬಹುದು. ಬಾ ಬಾ ಎಂದು ಕರೆಯುತ್ತಿದ್ದಿರಬಹುದು.

"ಅಕ್ಕಾ, ಊಟಕ್ಕೆ ಬರಬೇಕಂತೆ!" ಅಡುಗೆಮನೆಯಿಂದ ಬಟಾಣಿ ಕೂಗಿದ.

"ಬಂದೆ," ಎಂದಳು ಚೂಟಿ.

ಆದರೆ ಕೂಡಲೇ ಹೋಗಲಿಲ್ಲ. ತಾನು ನಿಂತಿದ್ದ ಜಾಗ ಬಿಟ್ಟು, ಇನ್ನೊಬ್ಬರು ನಿಲ್ಲುವಷ್ಟು ಪಕ್ಕಕ್ಕೆ ಸರಿದು, ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತಳು.